ಕರಿಬೇವಿನ ಬೆಲೆ ಸೊನ್ನೆ

ನಮ್ಮ ಮನೆಯವರು ನಿವೃತ್ತರಾಗಿ ಹನ್ನೊಂದು ತಿಂಗಳಾಯಿತು. ಈ ಹನ್ನೊಂದು ತಿಂಗಳಲ್ಲಿ ಅವರು ಕುರ್ಚಿಯ ಮೇಲೆ ಕೂತದ್ದನ್ನು ನಾನು ನೋಡಿದ್ದು ಊಟ ಮಾಡುವಾಗ ಮತ್ತು ಷೂ ಲೇಸು ಕಟ್ಟಿಕೊಳ್ಳುವಾಗ ಮಾತ್ರ. ವಿಮಾನ ಕಾರ್ಖಾನೆಯ ಸ್ಟೋರ್ಸಿನಲ್ಲಿ ಮೂವತ್ತಾರು ವರ್ಷ ಬೋಲ್ಟು, ನಟ್ಟು, ವಾಷರುಗಳನ್ನು ಎಣಿಸಿದ ಮನುಷ್ಯ. ಹೊಸ ತಿಪ್ಪಸಂದ್ರದ ನಮ್ಮ ಎರಡು ಕೋಣೆಯ ಮನೆಯಲ್ಲಿ ಎಣಿಸುವುದಕ್ಕೆ ಏನಿದೆ? ನಾನಿದ್ದೇನೆ, ಮಗಳು ಹೇಮಶ್ರೀ ಇದ್ದಾಳೆ, ಹದಿನೆಂಟು ಸ್ಟೀಲ್ ಡಬ್ಬಗಳಿವೆ. ಮೊದಲ ವಾರದಲ್ಲೇ ಎಣಿಸಿ ಮುಗಿಸಿದರು. ಆಮೇಲೆ ಹಾಲ್‌ನಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಮೆಟ್ಟಿಲಿಗೆ, ಮೆಟ್ಟಿಲಿನಿಂದ ಗೇಟಿಗೆ ಓಡಾಡತೊಡಗಿದರು. ಕೆಳಗಿನ ಮನೆಯವರು ಒಂದು ದಿನ ನನ್ನನ್ನು ಕರೆದು, ಮೂರ್ತಿಯವರಿಗೆ ಏನಾದರೂ ಕಳೆದುಹೋಗಿದೆಯೇ ಎಂದು ಮೆಲ್ಲಗೆ ವಿಚಾರಿಸಿದರು.

ಅಂಥ ಹೊತ್ತಿನಲ್ಲಿ ಅವರ ಕಣ್ಣಿಗೆ ಬಿದ್ದದ್ದು ಇಂಜಿನಿಯರಿಂಗ್ ಓದುವ ಮಗಳ ಪುಸ್ತಕ. ಅದರಲ್ಲಿ ಲೀನಿಯರ್ ಪ್ರೋಗ್ರಾಮಿಂಗ್ ಎಂಬ ಒಂದು ಪಾಠ. ನಮಗೇನು ಬೇಕು, ನಮ್ಮ ಹತ್ತಿರ ಏನಿದೆ, ಒಂದೊಂದಕ್ಕೆ ಎಷ್ಟು ಬೆಲೆ ಎಂದು ಷರತ್ತುಗಳನ್ನು ಬರೆದುಕೊಟ್ಟರೆ, ಎಲ್ಲ ಷರತ್ತನ್ನೂ ಪಾಲಿಸಿ ಅತಿ ಕಡಿಮೆ ಖರ್ಚಿನಲ್ಲಿ ಕೆಲಸ ಮುಗಿಸುವ ದಾರಿಯನ್ನು ಲ್ಯಾಪ್‌ಟಾಪೇ ಹೇಳುತ್ತದಂತೆ. ಮೊದಲ ಪ್ರಯೋಗ ನನ್ನ ಅಡುಗೆಮನೆಯ ಮೇಲೆ ನಡೆಯಿತು. ಮನುಷ್ಯನಿಗೆ ಬೇಕಾದ ಶಕ್ತಿಯೆಲ್ಲ ಹುರುಳಿಕಾಳು, ಬೆಲ್ಲ ಮತ್ತು ಅರ್ಧ ನಿಂಬೆಹಣ್ಣಿನಲ್ಲಿ ಸಿಗುತ್ತದೆಂದು ತೀರ್ಪು ಬಂತು. ಮೂರನೆಯ ದಿನ ಹಾಲಿನವನು, "ಸಾರ್ ದರ್ಶಿನೀಲಿ ಎರಡನೇ ಮಸಾಲೆ ದೋಸೆ ತಿಂತಿದ್ರು" ಎಂದು ವರದಿ ಕೊಟ್ಟ ಮೇಲೆ ಆ ಅಧ್ಯಾಯ ಮುಗಿಯಿತು.

ಹೀಗಿರುವಾಗ ಒಂದು ಭಾನುವಾರ ಇವರ ಅಕ್ಕ ಮುನಿಲಕ್ಷ್ಮಮ್ಮ, ಮಗ ಸೂರ್ಯನ ಬೈಕಿನ ಹಿಂದೆ ಕೂತು ಬಂದರು. ಅತ್ತಿಗೆಗೆ ಕೆ.ಆರ್. ಪುರದ ಆಚೆ, ಕೆರೆ ಏರಿಯ ಕೆಳಗೆ ಹತ್ತು ಗುಂಟೆ ಸೊಪ್ಪಿನ ತೋಟವಿದೆ. ಸುತ್ತಲೂ ಅಪಾರ್ಟ್‌ಮೆಂಟು ಎದ್ದಿವೆ. ಇದೊಂದು ಹೇಗೋ ಉಳಿದಿದೆ. ದಂಟು, ಮೆಂತ್ಯ, ಸಬ್ಬಸಿಗೆ, ಪಾಲಕ್, ಪುದೀನ, ಕೊತ್ತಂಬರಿ ಬೆಳೆದು, ಮೂವತ್ತು ವರ್ಷದಿಂದ ನಮ್ಮ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯ ಒಂದೇ ಮೂಲೆಯಲ್ಲಿ ಮಂಕರಿ ಇಟ್ಟು ಮಾರುತ್ತಾರೆ.

"ಮಾಮ, ಅಮ್ಮಂಗೆ ಅರವತ್ತಾರು" ಎಂದ ಸೂರ್ಯ. "ದಿನಾ ಕೆಸರಲ್ಲಿ ಬಗ್ತಾಳೆ. ನೂರು ರೂಪಾಯಿ ಸೊಪ್ಪಿಗೆ ತೊಂಬತ್ತು ರೂಪಾಯಿ ಖರ್ಚು. ಅದೇ ಜಾಗಕ್ಕೆ ಜಲ್ಲಿ ಹೊಡ್ಸಿ ಕಾರ್ ಪಾರ್ಕಿಂಗ್ ಮಾಡಿದ್ರೆ ಮನೇಲಿ ಕೂತು ತಿನ್ಬೋದು."

"ಕೂತು ತಿನ್ನೋಕೆ ನಂಗೆ ಬರಾಕಿಲ್ಲ ಕಣೋ" ಎಂದರು ಅತ್ತಿಗೆ. "ಆ ತೋಟ ಹೋದ್ರೆ ಬೆಳಗ್ಗೆ ಎದ್ದು ನಾನು ಎಲ್ಲಿಗೆ ಹೋಗ್ಲಿ? ನೀನಾದ್ರೂ ಹೇಳೋ ಅಂಜನಿ." ಸೆರಗಿನಿಂದ ಕಣ್ಣೊರೆಸಿಕೊಂಡರು. ಲಾರಿಯವನನ್ನೂ ಗದರಿಸಿ ಹಿಂದಕ್ಕೆ ಕಳಿಸುವ ಹೆಂಗಸು ಅವರು. ನನಗೆ ನಿಜವಾಗಿಯೂ ಸಂಕಟವಾಯಿತು.

ನಮ್ಮವರು ಎದ್ದು ನಿಂತರು. ಅಂದರೆ, ಮೊದಲೇ ನಿಂತಿದ್ದರು, ಇನ್ನೂ ನೆಟ್ಟಗಾದರು. "ಖರ್ಚು ತಾನೇ ಪ್ರಾಬ್ಲಮ್ಮು? ಒಂದು ತಿಂಗಳು ಟೈಮ್ ಕೊಡು. ಮೂರರಲ್ಲಿ ಒಂದು ಭಾಗ ಇಳಿಸಿ ತೋರಿಸ್ತೀನಿ. ಸೈಂಟಿಫಿಕ್ಕಾಗಿ."

"ಮಾರಾಟ ಬೀಳ್ದಂಗೆ ಇಳಿಸಿ ತೋರ್ಸಿ ಮಾಮ, ನಾನು ಮತ್ತೆ ತೋಟದ ಸುದ್ದಿಗೇ ಬರಲ್ಲ. ಆಗ್ಲಿಲ್ಲ ಅಂದ್ರೆ ತಿಂಗಳ ಕೊನೇ ಭಾನುವಾರ ಜೆಸಿಬಿ ಬರತ್ತೆ." ಸೂರ್ಯ ಕೈ ಚಾಚಿದ, ಇವರು ಕುಲುಕಿದರು. ಅತ್ತಿಗೆಗೆ ಅದೇ ವಾರ ಕಣ್ಣಿನ ಪೊರೆಯ ಆಪರೇಷನ್ ಇತ್ತು. ತಿಂಗಳ ಕೊನೆಯವರೆಗೆ ಧೂಳು, ಕೆಸರು ಸೋಕುವಂತಿರಲಿಲ್ಲ. ಹೀಗೆ ತೋಟ, ಮಂಕರಿ, ಮರ್ಯಾದೆ ಮೂರೂ ಒಟ್ಟಿಗೆ ನಮ್ಮವರ ಕೈಗೆ ಬಂದವು.

ಮರುದಿನವೇ ಮೆಟ್ರೋ ಹತ್ತಿ ಹೋಗಿ ತೋಟವನ್ನು ಅಳೆಯತೊಡಗಿದರು. ಟೇಪಿನ ಇನ್ನೊಂದು ತುದಿ ಹಿಡಿಯಲು ನಾನು. ಅಲ್ಲಿ ಕೆಲಸ ಮಾಡುವ ಮಾನಮ್ಮನನ್ನು ನಿಲ್ಲಿಸಿಕೊಂಡು ವಿಚಾರಣೆ ಶುರುವಾಯಿತು.

"ಮೆಂತ್ಯ ಎಷ್ಟು ದಿನಕ್ಕೆ ಕೀಳ್ತೀಯಮ್ಮ?"

"ಕೀಳಂಗಾದಾಗ ಕೀಳ್ತೀನಿ."

"ಹಾಗಲ್ಲ, ನಂಬರ್ ಹೇಳು. ನೀರು ದಿನಕ್ಕೆ ಎಷ್ಟು ಲೀಟರ್ ಬಿಡ್ತೀಯ?"

"ಮಡಿ ತುಂಬೋಗಂಟ."

ಪಾಪ, ಅವಳ ಉತ್ತರದಲ್ಲಿ ತಪ್ಪೇನಿರಲಿಲ್ಲ. ಆದರೂ ಇವರು ಬಿಡದೆ ಗಡಿಯಾರ ಹಿಡಿದು, ಬಕೆಟ್ ಇಟ್ಟು, ಒಂದೊಂದು ಸೊಪ್ಪಿನ ಬೀಜ, ಗೊಬ್ಬರ, ನೀರು, ಕೂಲಿಯನ್ನು ಬರೆದುಕೊಂಡರು. ಕೊನೆಗೆ ಬೇಲಿಯ ಉದ್ದಕ್ಕೂ ನಿಂತಿದ್ದ ಹನ್ನೆರಡು ಕರಿಬೇವಿನ ಗಿಡಗಳ ಹತ್ತಿರ ಬಂದರು.

"ಇದನ್ನ ಎಷ್ಟಕ್ಕೆ ಮಾರೋದು?"

ಮಾನಮ್ಮ ನನ್ನ ಮುಖ ನೋಡಿದಳು. "ಕರಿಬೇವಿಗೆ ಯಾರಾದ್ರೂ ಕಾಸು ತಗೋತಾರಾ ಅಣ್ಣ? ಸೊಪ್ಪು ತಗೊಂಡೋರಿಗೆ ಕೊಸರು. ಅಕ್ಕ ಒಂದೊಂದು ಹಿಡಿ ಹಾಕ್ತದೆ. ಜತೆಗೆ ನಾಕು ಎಳೆ ಕೊತ್ತಂಬರಿ."

"ಅಂದ್ರೆ ಬೆಲೆ ಸೊನ್ನೆ" ಎಂದು ಇವರು ಬರೆದರು. "ಬಿಡಿಸೋಕೆ ದಿನಾ ಎಷ್ಟು ಹೊತ್ತು?" ಒಂದೂವರೆ ಗಂಟೆ. ಅದನ್ನೂ ಬರೆದರು. ಬರೆಯುವಾಗ ಅವರ ಮುಖದಲ್ಲಿ ಮೂಡಿದ ಕಳೆಯನ್ನು ನಾನು ಹಿಂದೆ ನೋಡಿದ್ದು ಒಂದೇ ಸಲ, ಸ್ಟೋರ್ಸಿನಲ್ಲಿ ಕಳೆದುಹೋಗಿದ್ದ ನಾನೂರು ವಾಷರು ಸಿಕ್ಕ ದಿನ.

ಲ್ಯಾಪ್‌ಟಾಪು ಎರಡು ಕ್ಷಣದಲ್ಲಿ ತೀರ್ಪು ಕೊಟ್ಟಿತು. ದಿನಕ್ಕೆ ಮುನ್ನೂರು ಕಟ್ಟು ಸೊಪ್ಪು ಮಾರಾಟವಾಗಬೇಕು ಎಂಬುದೊಂದೇ ಬೇಡಿಕೆ. ಅದಕ್ಕೆ ಸಬ್ಬಸಿಗೆ ಕಡಿಮೆ ಮಾಡು, ದಂಟು ಜಾಸ್ತಿ ಮಾಡು, ಕರಿಬೇವು ಸೊನ್ನೆ, ಕೊಸರು ಕೊತ್ತಂಬರಿ ಸೊನ್ನೆ. "ನೋಡೇ, ಮೂವತ್ತು ವರ್ಷದಿಂದ ಅಕ್ಕನ ದುಡ್ಡು ಎಲ್ಲಿ ಸೋರಿಹೋಗ್ತಿತ್ತು ಅಂತ ಒಂದೇ ಏಟಿಗೆ ಸಿಕ್ತು!" ಎಂದು ಮನೆಯ ತುಂಬ ಓಡಾಡಿದರು. ಸೊನ್ನೆಯಾದ ಸಾಲುಗಳಲ್ಲಿ 'ಶನಿವಾರದ ಚೀಲ' ಎಂಬುದೂ ಒಂದಿತ್ತು. ಅದು ಅತ್ತಿಗೆ ಪ್ರತಿ ಶನಿವಾರ ನಮ್ಮ ಮನೆಗೇ ಸುಮ್ಮನೆ ಕಳಿಸುತ್ತಿದ್ದ ಸೊಪ್ಪು. ಆ ವಾರ, ಮದುವೆಯಾಗಿ ಇಪ್ಪತ್ತೇಳು ವರ್ಷಕ್ಕೆ ಮೊದಲ ಬಾರಿ, ನಾನು ದುಡ್ಡು ಕೊಟ್ಟು ಸೊಪ್ಪು ತಂದೆ.

ಸೋಮವಾರ ಬೆಳಗ್ಗೆ ಇವರು ಅತ್ತಿಗೆಯ ಮೂಲೆಯಲ್ಲಿ ಮಂಕರಿ ಇಟ್ಟು ನಿಂತರು. ಮೊದಲು ಬಂದವರು ನಮ್ಮ ಹಿಂದಿನ ರಸ್ತೆಯ ಮಾರಿಯಾ ಆಂಟಿ, ರಿಟೈರ್ಡ್ ಟೀಚರು. ಎರಡು ಕಟ್ಟು ಪಾಲಕ್ ತೆಗೆದುಕೊಂಡು ದುಡ್ಡು ಕೊಟ್ಟು ಚೀಲದ ಬಾಯಿ ತೆರೆದು ನಿಂತರು. ಇವರೂ ಸುಮ್ಮನೆ ನಿಂತರು.

"ಎನ್ನಪ್ಪಾ, ಹಾಕು."

"ಏನ್ ಹಾಕ್ಬೇಕು ಆಂಟಿ?"

"ಕರಿಬೇವು! ಮುನಿಲಕ್ಷ್ಮಿ ಹೇಳಿಕೊಡ್ಲಿಲ್ವಾ?"

"ಕರಿಬೇವು ಬೇಡ ಅಂತ ಕಂಪ್ಯೂಟರ್ ರಿಸಲ್ಟ್ ಬಂದಿದೆ ಆಂಟಿ" ಎಂದು ಇವರು ಪ್ರಿಂಟ್ ತೆಗೆದು ತೋರಿಸಿದರು. "ನೋಡಿ ಇಲ್ಲಿ, ಸೊನ್ನೆ."

ಮಾರಿಯಾ ಆಂಟಿ ಕನ್ನಡಕ ಏರಿಸಿ ಪ್ರಿಂಟನ್ನು ನೋಡಿದರು. ಮುಖ ಬಿಳಿಚಿಕೊಂಡಿತು. "ಅಯ್ಯೋ ಕಡವುಳೇ. ನಿನ್ನೆ ತಾನೇ ರಸಂಗೆ ಹಾಕಿದೀನಿ" ಎಂದವರೇ ಬೇಗ ಬೇಗ ಹೊರಟುಹೋದರು.

ಕಂಪ್ಯೂಟರ್ ರಿಸಲ್ಟ್ ಎಂದರೆ ನಮ್ಮ ರಸ್ತೆಯಲ್ಲಿ ಒಂದೇ ಅರ್ಥ, ಲ್ಯಾಬಿನಿಂದ ಬರುವುದು. ಹತ್ತು ಗಂಟೆಗೆ ನಾನು ಹಾಲು ತರಲು ಅಂಗಡಿಗೆ ಹೋದಾಗ, ಕರಿಬೇವಿನಲ್ಲಿ ಏನೋ ಸಿಕ್ಕಿದೆ ಎಂಬ ಸುದ್ದಿ ಇತ್ತು. ಹನ್ನೆರಡಕ್ಕೆ ಅದು ಔಷಧಿ ಹೊಡೆದ ವಿಷವಾಗಿತ್ತು. ಸಂಜೆ ನಾಲ್ಕಕ್ಕೆ, ಆ ಕರಿಬೇವು ತಿಂದೇ ಮುನಿಲಕ್ಷ್ಮಮ್ಮನ ಕಣ್ಣು ಹೋಗಿದೆ, ಅದಕ್ಕೇ ಆಪರೇಷನ್ನು, ಎಂದು ನನಗೇ ಒಬ್ಬರು ಬಂದು ಹೇಳಿದರು. ನಾನು ಆ ಮುನಿಲಕ್ಷ್ಮಮ್ಮನ ತಮ್ಮನ ಹೆಂಡತಿ ಎಂದರೆ, "ಹಾಗಾದ್ರೆ ನಿಮ್ಗೆ ಗೊತ್ತಿರತ್ತಲ್ಲ" ಎಂದು ಇನ್ನೂ ನಂಬಿದರು.

ಮರುದಿನ ರಸ್ತೆಯ ಬೇರೆ ಸೊಪ್ಪಿನವರೆಲ್ಲ ಬಂದು ಇವರನ್ನು ಸುತ್ತುವರಿದರು. ಅವರ ಕರಿಬೇವನ್ನೂ ಯಾರೂ ಮುಟ್ಟುತ್ತಿಲ್ಲವಂತೆ. ಗಲಾಟೆ ಕೇಳಿ ಬೀಟ್ ಕಾನ್‌ಸ್ಟೇಬಲ್ ಸುಗತ ಬಂದರು.

"ಯಾರ್ರೀ ಕರಿಬೇವಿನ ರಿಪೋರ್ಟ್ ಕೊಟ್ಟಿದ್ದು? ಎಲ್ಲಿ ರಿಪೋರ್ಟು?"

ಇವರು ಪ್ರಿಂಟ್ ಕೊಟ್ಟರು. ಸುಗತ ಅದನ್ನು ನೆಟ್ಟಗೆ ಹಿಡಿದು ಓದಿದರು, ಅಡ್ಡ ಹಿಡಿದು ಓದಿದರು. "ಇದ್ರಲ್ಲಿ ವಿಷ ಎಲ್ಲಿದೆ?"

"ವಿಷ ಅಲ್ಲ ಸಾರ್, ಖರ್ಚು. ಕೊಸರು ಹಾಕೋದು ಲಾಸು ಅಂತ ಲೆಕ್ಕ."

"ಅಂದ್ರೆ ಕರಿಬೇವು ಚೆನ್ನಾಗೇ ಇದೆ, ನೀವೇ ಕೊಡ್ತಿಲ್ಲ?"

"ಹೌದು ಸಾರ್."

ಸುಗತ ಪ್ರಿಂಟನ್ನು ನಾಲ್ಕಾಗಿ ಮಡಚಿ ವಾಪಸ್ ಕೊಟ್ಟರು. "ವಿಷ ಅಂದಿದ್ರೆ ನಾನೇ ನಿಂತು ಬಗೆಹರಿಸ್ತಿದ್ದೆ" ಎಂದರು. "ಇದು ಕಷ್ಟ ಇದೆ. ನನ್ನ ಹೆಂಡ್ತೀನೂ ಇಲ್ಲೇ ಸೊಪ್ಪು ತಗೊಳ್ಳೋದು."

ನಿಜ ಸಂಗತಿ ತಿಳಿದ ಮೇಲೆ ಪರಿಸ್ಥಿತಿ ಇನ್ನೂ ಕೆಟ್ಟಿತು. ವಿಷವಾದರೆ ಯಾರ ತಪ್ಪೂ ಅಲ್ಲ, ಇದು ಜಿಪುಣತನ. ಜನ ಬಂದು, ಸೊಪ್ಪು ಎತ್ತಿ ನೋಡಿ, ಇವರ ಮುಖ ನೋಡಿ, ಪಕ್ಕದ ಮಂಕರಿಗೆ ಹೋದರು. ಬುಧವಾರ ಶಿವಾಜಿನಗರದಿಂದ ಗಯಾಜ್ ಸ್ಕೂಟರಿನಲ್ಲಿ ಬಂದ. ಅವನದು ಬಿರಿಯಾನಿ ಹೋಟೆಲು, ನೆಂಚಿಕೊಳ್ಳಲು ಬೇಳೆಯ ದಾಲ್ಚಾ. ದಿನಕ್ಕೆ ಅರವತ್ತು ಕಟ್ಟು ಪುದೀನ, ಕೊತ್ತಂಬರಿ ಅತ್ತಿಗೆಯಿಂದಲೇ.

"ಮೂರ್ತಿ ಭಾಯ್, ಮೂರು ದಿನದಿಂದ ದಾಲ್ಚಾಗೆ ಕರಿಬೇವಿಲ್ಲ. ಗಿರಾಕಿ ಒಂದು ಚಮಚ ತಿಂದು ಪ್ಲೇಟ್ ಹಿಂಗೆ ತಳ್ತಾವ್ರೆ."

"ದಾಲ್ಚಾ ಎಷ್ಟಕ್ಕೆ ಮಾರ್ತೀಯ?"

"ಮಾರೋದಾ? ಬಿರಿಯಾನಿ ಜೊತೆ ಫ್ರೀ."

ನಮ್ಮವರ ಕಣ್ಣು ಹೊಳೆಯಿತು. "ನಿಲ್ಲಿಸಿಬಿಡು! ನಿನ್ನ ಖರ್ಚು ನಾಳೆಯಿಂದಲೇ ಇಳಿಯತ್ತೆ. ಬೇಕಾದ್ರೆ ಶೀಟ್ ಹಾಕ್ಕೊಡ್ತೀನಿ."

ಗಯಾಜ್ ಎರಡೂ ಕಿವಿ ಮುಟ್ಟಿಕೊಂಡ. "ತೋಬಾ ತೋಬಾ! ದಾಲ್ಚಾ ನಿಲ್ಲಿಸಿ ನಾನು ಶಿವಾಜಿನಗರದಲ್ಲಿ ಮುಖ ತೋರ್ಸೋದು ಹೆಂಗೆ? ನಮ್ಮ ಬೀವಿ ಶರ್ಫುನ್ನೀಸಾ ನನ್ನ ಮನೆ ಒಳಗೆ ಬಿಡಲ್ಲ. ನಕ್ಕೋ ಭಾಯ್, ನಂಗೆ ನಿಮ್ಮ ಶೀಟೂ ನಕ್ಕೋ, ಸೊಪ್ಪೂ ನಕ್ಕೋ." ಅರವತ್ತು ಕಟ್ಟು ಅಲ್ಲಿಗೆ ನಿಂತಿತು.

ಬೇರೆ ಯಾರಾದರೂ ಆಗಿದ್ದರೆ ಇಷ್ಟು ಹೊತ್ತಿಗೆ ಎರಡು ಹಿಡಿ ಕರಿಬೇವು ತಂದು ರಾಜಿ ಮಾಡಿಕೊಳ್ಳುತ್ತಿದ್ದರು. ನಮ್ಮವರು ಮಾರಾಟ ಇಳಿದಂತೆಲ್ಲ ಶೀಟಿನಲ್ಲಿ ಬೇಡಿಕೆಯನ್ನು ಇಳಿಸಿದರು. ಮುನ್ನೂರು ಇದ್ದದ್ದು ನೂರಾ ಐವತ್ತಾಯಿತು, ಎಪ್ಪತ್ತಾಯಿತು. ಬೇಡಿಕೆ ಇಳಿದಂತೆ ಖರ್ಚೂ ಇಳಿಯಿತು. ಅವರಿಗೆ ಕಾಣುತ್ತಿದ್ದದ್ದು ಖರ್ಚು ಮಾತ್ರ. "ಮೂರನೇ ಒಂದು ಭಾಗ ಕೇಳಿದ್ದ, ಅರ್ಧಕ್ಕೆ ಇಳಿಸಿದೀನಿ!" ಎಂದು ಎರಡೆರಡು ಮೆಟ್ಟಿಲು ಹಾರಿ ಬಂದರು. ಹಸಿರು ಸೊಪ್ಪೆಲ್ಲ ತೋಟದಲ್ಲೇ ಬಲಿತು ಹೂ ಬಿಡುತ್ತಿದೆಯೆಂದು ಮಾನಮ್ಮ ನನಗೆ ಫೋನ್ ಮಾಡಿ ಅತ್ತಳು. ನಾನು ಹೇಳಿದರೆ ಇವರು, "ಅದು ಟೆಂಪರರಿ" ಎಂದರು.

ತಿಂಗಳ ಕೊನೆಯ ಶನಿವಾರ ಸೂರ್ಯ ಮನೆಗೆ ಬಂದ. ಇವರು ಹೆಮ್ಮೆಯಿಂದ ಲ್ಯಾಪ್‌ಟಾಪ್ ತೆರೆದರು. ಸೂರ್ಯ ನೋಡಿ, "ಖರ್ಚು ಇಳಿದಿದೆ ಮಾಮ, ಒಪ್ಕೊಂಡೆ. ನಿನ್ನೆ ಎಷ್ಟು ಕಟ್ಟು ಹೋಯ್ತು?" ಎಂದ.

"ನಿನ್ನೆ... ಸ್ವಲ್ಪ ಡಲ್ಲು."

"ಎಷ್ಟು?"

"ಸೊನ್ನೆ."

"ಹಾಕಿ ಅದನ್ನೂ."

ಇವರು ಬೇಡಿಕೆಯ ಜಾಗದಲ್ಲಿ ಸೊನ್ನೆ ಹಾಕಿ ಗುಂಡಿ ಒತ್ತಿದರು. ದಂಟು ಸೊನ್ನೆ, ಮೆಂತ್ಯ ಸೊನ್ನೆ, ನೀರು ಸೊನ್ನೆ, ಮಾನಮ್ಮ ಸೊನ್ನೆ, ಒಟ್ಟು ಖರ್ಚು ಸೊನ್ನೆ. ಅದಕ್ಕಿಂತ ಕಡಿಮೆ ಖರ್ಚಿನ ಬೇಸಾಯ ಭೂಮಿಯ ಮೇಲೆ ಸಾಧ್ಯವಿಲ್ಲ. ಪರದೆಯ ಮೂಲೆಯಲ್ಲಿ 'ಅತ್ಯುತ್ತಮ ಪರಿಹಾರ ದೊರೆತಿದೆ' ಎಂಬ ಸಂದೇಶವೂ ಬಂತು.

"ನಿಮ್ಮ ಮೆಷೀನೇ ಹೇಳ್ತಲ್ಲ ಮಾಮ, ಬೆಳೀಬೇಡ ಅಂತ" ಎಂದ ಸೂರ್ಯ. ಗೆದ್ದವನ ದನಿಯೇನೂ ಅಲ್ಲ. "ನಾಳೆ ಒಂಬತ್ತಕ್ಕೆ ಜೆಸಿಬಿ. ಅಮ್ಮಂಗೆ ನೀವೇ ಹೇಳಿ."

ನಮ್ಮವರು ಅಂದು ಓಡಾಡಲಿಲ್ಲ. ಕಿಟಕಿಯ ಹತ್ತಿರ ನಿಂತೇ ಇದ್ದರು. ನನಗೆ ಅವರ ಮೇಲೆ ಸಿಟ್ಟು ಬಂದಿತ್ತು, ಅವರನ್ನು ನೋಡಿ ಅಯ್ಯೋ ಎಂದೂ ಅನ್ನಿಸುತ್ತಿತ್ತು. ಕೊನೆಗೆ ಚಪ್ಪಲಿ ಮೆಟ್ಟಿಕೊಂಡು ಮಾರಿಯಾ ಆಂಟಿಯ ಮನೆಗೆ ಹೋಗಿ, ನಾಳೆ ತೋಟ ಹೋಗುತ್ತದೆ ಎಂದು ಹೇಳಿ ಬಂದೆ. ಅಷ್ಟೇ ನಾನು ಮಾಡಿದ್ದು. ಉಳಿದದ್ದನ್ನು ಆಂಟಿಯ ಬಾಯಿ ಮಾಡಿತು.

ಭಾನುವಾರ ನಾವು ತೋಟ ತಲುಪುವಷ್ಟರಲ್ಲಿ ಅತ್ತಿಗೆ ಕಪ್ಪು ಕನ್ನಡಕ ಹಾಕಿಕೊಂಡು ಬೇಲಿಯ ಬಳಿ ಸ್ಟೂಲಿನ ಮೇಲೆ ಕೂತಿದ್ದರು. ತಮ್ಮನನ್ನು ಬೈಯಲಿಲ್ಲ. "ಮಾತು ಕೊಟ್ಟಿದ್ದು ಮಾತು" ಎಂದಷ್ಟೇ ಹೇಳಿ, ಕೈಗೆ ಸಿಕ್ಕ ಕರಿಬೇವಿನ ರೆಂಬೆಯನ್ನು ಸವರುತ್ತಿದ್ದರು. ಜೆಸಿಬಿಯವನು ಚಹಾ ಕುಡಿಯುತ್ತಿದ್ದ. ಆಗ ಏರಿಯ ಮೇಲೆ ಸದ್ದಾಯಿತು. ಕೆ.ಆರ್. ಪುರದ ಮೆಟ್ರೋ ಇಳಿದು ತಿಪ್ಪಸಂದ್ರವೇ ನಡೆದು ಬರುತ್ತಿತ್ತು. ಮುಂದೆ ಮಾರಿಯಾ ಆಂಟಿ, ಚರ್ಚಿನ ಸೀರೆಯಲ್ಲಿ. ಹಿಂದೆ ನಲವತ್ತು ಜನ, ಒಬ್ಬೊಬ್ಬರ ಕೈಯಲ್ಲೂ ಖಾಲಿ ಚೀಲ. ಸ್ಕೂಟರಿನಲ್ಲಿ ಗಯಾಜ್, ಹಿಂದಿನ ಸೀಟಿನಲ್ಲಿ ಶರ್ಫುನ್ನೀಸಾ. ಕೊನೆಯಲ್ಲಿ ಮಫ್ತಿಯಲ್ಲಿ ಸುಗತ, ತಾವು ಸುಮ್ಮನೆ ಈ ಕಡೆ ಬಂದವರೆಂಬಂತೆ.

"ಯಾರಪ್ಪಾ ತೋಟ ಕೆಡವೋದು?" ಎಂದು ಕೇಳಿದರು ಮಾರಿಯಾ ಆಂಟಿ.

ಸೂರ್ಯ ಮುಂದೆ ಬಂದ. "ಆಂಟಿ, ಸಿಟ್ಟಾಗ್ಬೇಡಿ. ಅಮ್ಮನ ಹತ್ರ ಕರಿಬೇವು ಬೇಕು ಅಂದ್ರೆ, ಹಿಡಿಗೆ ಎರಡು ರೂಪಾಯಿ ಕೊಡ್ತೀರಾ? ಕೊಡೋದಾದ್ರೆ ತೋಟ ನಡೆಯತ್ತೆ."

ನಲವತ್ತು ಜನ ಆಂಟಿಯ ಕಡೆ ತಿರುಗಿದರು. ಆಂಟಿಯ ಮುಖ ಕೆಂಪಾಯಿತು. "ಕರಿಬೇವಿಗೆ ದುಡ್ಡಾ? ನಾನೇನು ಮಾಲ್‌ಗೆ ಬಂದಿದೀನಾ? ಒಂದು ಪೈಸಾ ಕೊಡಲ್ಲ!" ಎಲ್ಲರೂ ಹೌದೆಂದು ತಲೆಯಾಡಿಸಿದರು. ಸುಗತ ಕೂಡ.

"ಹಾಗಾದ್ರೆ ನಾನೇನು ಮಾಡ್ಲಿ?" ಎಂದು ಸೂರ್ಯ ಕೈ ಚೆಲ್ಲಿದ.

"ಸೊಪ್ಪಿನ ಕಟ್ಟಿಗೆ ಮೂರು ರೂಪಾಯಿ ಜಾಸ್ತಿ ಮಾಡು" ಎಂದರು ಆಂಟಿ. "ಯಾರು ಬೇಡ ಅಂದೋರು? ಆದ್ರೆ ಕರಿಬೇವು ಫ್ರೀ ಹಾಕ್ಬೇಕು."

"ಮೂರ್ ಯಾಕೆ, ಐದು ಮಾಡಿ" ಎಂದ ಗಯಾಜ್. "ದಾಲ್ಚಾ ಒಂದು ಉಳೀಲಿ."

ಸೂರ್ಯ ಆಂಟಿಯನ್ನು ನೋಡಿದ, ಮೊಬೈಲ್ ತೆಗೆದು ಮುನ್ನೂರನ್ನು ಮೂರರಿಂದ ಗುಣಿಸಿದ, ಮತ್ತೆ ಆಂಟಿಯನ್ನು ನೋಡಿದ. ಎರಡು ರೂಪಾಯಿ ಬೇಡವೆಂದು ಮೂರು ರೂಪಾಯಿ ಕೊಡುವ ಈ ಜನರ ಮುಂದೆ ಅವನ ಬುದ್ಧಿ ಓಡಲಿಲ್ಲ. ಅತ್ತಿಗೆ ಮಾತ್ರ ಕನ್ನಡಕದ ಕೆಳಗೆ ಕಣ್ಣೀರು ಒರೆಸಿಕೊಳ್ಳುತ್ತ ನಗುತ್ತಿದ್ದರು, ಅತ್ತರೂ ತಪ್ಪು, ನಕ್ಕರೂ ತಪ್ಪು ಎಂದು ಡಾಕ್ಟರು ಹೇಳಿದ್ದರೂ.

"ಸರಿ, ಜೆಸಿಬಿ ವಾಪಸ್" ಎಂದ ಸೂರ್ಯ. "ಆದ್ರೆ ನಂದೂ ಒಂದು ಮಾತು. ಅಮ್ಮ ಇನ್ಮೇಲೆ ಕೆಸರಲ್ಲಿ ಬಗ್ಗೋ ಹಾಗಿಲ್ಲ. ಅಷ್ಟೇ ನಾನು ಕೇಳ್ತಿದ್ದಿದ್ದು ಮೊದಲಿಂದ."

"ನಾನು ಬಗ್ತೀನಿ" ಎಂದರು ನಮ್ಮವರು.

"ಸಂಬಳ ಎಷ್ಟು ಮಾಮ?"

"ತಮ್ಮನಿಗೆ ಯಾರಾದ್ರೂ ಸಂಬಳ ಕೊಡ್ತಾರೇನೋ?" ಎಂದು ಅತ್ತಿಗೆಯೇ ತೀರ್ಮಾನ ಕೊಟ್ಟರು. ಜನ ಕರಿಬೇವಿನ ಮೇಲೆ ಬಿದ್ದರು.

ಅಂದು ಮಧ್ಯಾಹ್ನ ಇವರು ಮನೆಯಲ್ಲಿ ಮತ್ತೆ ಶೀಟು ತೆರೆದರು. ಹೊಸ ಬೆಲೆ ಹಾಕಿದರೂ ಲ್ಯಾಪ್‌ಟಾಪು ಕರಿಬೇವನ್ನು ಕಿತ್ತುಹಾಕಿತು. ಹೇಮಶ್ರೀ ಪಕ್ಕದಲ್ಲಿ ನಿಂತು ನಕ್ಕಳು. "ಅಪ್ಪ, ಬೆಲೆ ಇಲ್ದಿರೋದನ್ನ ಅದು ಉಳಿಸ್ಕೊಳ್ಳಲ್ಲ. ಇಷ್ಟಾದ್ರೂ ಬೇಕೇ ಬೇಕು ಅಂತ ಯಾರಾದ್ರೂ ಷರತ್ತು ಬರೀಬೇಕು." ಇವರು ಬರೆದರು: ಕಟ್ಟಿಗೊಂದು ಹಿಡಿ ಕರಿಬೇವು. ಮಾನಮ್ಮ ದಿನಕ್ಕೆ ನಾಲ್ಕು ಗಂಟೆ ಇರಲೇಬೇಕೆಂದು ಅತ್ತಿಗೆ ಹೇಳಿದ್ದನ್ನೂ ಬರೆದರು. ಶನಿವಾರದ ಚೀಲವನ್ನು ನಾನೇ ಬರೆಸಿದೆ. ಕೊನೆಗೆ ಕೂಲಿಯವರ ಸಾಲಿನಲ್ಲಿ ತಮ್ಮ ಹೆಸರು ಸೇರಿಸಿ, ಸಂಬಳ ಸೊನ್ನೆ ಎಂದು ಹಾಕಿ ಗುಂಡಿ ಒತ್ತಿದರು.

ಹೇಮಶ್ರೀ ನಗುವುದನ್ನು ನಿಲ್ಲಿಸಿದಳು. ಗೊಬ್ಬರ ಹೊರುವುದು, ನೀರು ಬಿಡುವುದು, ಕಳೆ ಕೀಳುವುದು, ಮಾರುವುದು ಎಲ್ಲವನ್ನೂ ಲ್ಯಾಪ್‌ಟಾಪು ಇವರಿಗೇ ಹೊರಿಸಿತ್ತು. ಅಂಜನಮೂರ್ತಿ, ದಿನಕ್ಕೆ ಹದಿನೇಳು ಗಂಟೆ, ವಾರಕ್ಕೆ ಏಳು ದಿನ. ಇವರು ಎರಡು ಸಲ ಪರೀಕ್ಷಿಸಿದರು. ತಪ್ಪಿರಲಿಲ್ಲ.

ಆಮೇಲೆ ಕುರ್ಚಿ ಎಳೆದುಕೊಂಡು ಕೂತರು. "ಸರಿಯಾಗೇ ಇದೆ ಕಣೇ" ಎಂದರು ಮೆಲ್ಲಗೆ. "ನನ್ನ ಬೆಲೆ ಸೊನ್ನೆ ತಾನೇ." ನಗಲು ನೋಡಿದರು, ಆಗಲಿಲ್ಲ. ನಂತರ ನನ್ನ ಕಡೆ ತಿರುಗಿ, "ನಿಂದೇನಾದ್ರೂ ಷರತ್ತಿದ್ಯಾ?" ಎಂದು ಕೇಳಿದರು.

ಈ ಮನುಷ್ಯ ದಿನಕ್ಕೆ ನಾಲ್ಕು ಗಂಟೆಯಾದರೂ ಮನೆಯಿಂದಾಚೆ ಇರಲೆಂದು ನಾನು ಬೇಡಿಕೊಳ್ಳದ ದೇವರಿರಲಿಲ್ಲ. ಹದಿನೇಳು ಗಂಟೆ ಎದುರಿಗೇ ಇತ್ತು. ನಾನು ಸೀರೆಯ ಸೆರಗಿಗೆ ಕೈ ಒರೆಸಿಕೊಂಡೆ.

"ಬರ್ಕೊಳ್ಳಿ. ಮಧ್ಯಾಹ್ನ ಊಟಕ್ಕೆ ಮನೇಲಿರ್ಬೇಕು. ಸಾಯಂಕಾಲ ಕಾಫಿಗೆ ಇರ್ಬೇಕು. ಆಮೇಲೆ ಎಲ್ಲೂ ಹೋಗೋ ಹಾಗಿಲ್ಲ."

ಇವರು ಒಂದೊಂದೇ ಅಕ್ಷರ ಹುಡುಕಿ ಟೈಪ್ ಮಾಡಿದರು. ಗುಂಡಿ ಒತ್ತಿ, ಪರದೆ ನೋಡಿ, ತಲೆಯೆತ್ತಿದರು. "ಇದ್ರಿಂದ ಖರ್ಚು ಜಾಸ್ತಿ ಆಗತ್ತೆ ಕಣೇ."

"ಆಗ್ಲಿ ಬಿಡಿ" ಎಂದೆ.